ಟಾಯ್ಲೆಟ್ ವಾಸನೆ ಯಾರದ್ದು

ಮಾವನನ್ನು ತನ್ನ ಮನೆಗೆ ಕರೆದೊಯ್ಯಲು ನಾದಿನಿ ಇವತ್ತು ಸಂಜೆ ನಾಲ್ಕು ಗಂಟೆಗೆ ಕಾರು ತರುವವಳಿದ್ದಳು.

ಒಂದು ತಿಂಗಳಿಂದ ಮನೆಯ ಟಾಯ್ಲೆಟ್ಟು ಗಬ್ಬು ನಾರುತ್ತಿತ್ತು. ಅದಕ್ಕೆ ಅಪ್ಪನೇ ಕಾರಣ ಎಂದು ಗಂಡ ತೀರ್ಮಾನಿಸಿಬಿಟ್ಟಿದ್ದ. "ವಯಸ್ಸಾಯ್ತು, ಸರಿಯಾಗಿ ನೀರು ಹಾಕಲ್ಲ. ತಂಗಿ ಮನೇಲಿ ಎರಡು ಬಾತ್‌ರೂಮ್ ಇದೆ, ಅಲ್ಲೇ ಇರಲಿ" ಎಂದು ಮೊನ್ನೆ ಊಟದ ಮೇಜಿನಲ್ಲಿ, ಅಪ್ಪ ಎದುರಿಗೆ ಕೂತಿರುವಾಗಲೇ ಹೇಳಿದ್ದ. ಮಾವ ಬಾಯಲ್ಲಿದ್ದ ತುತ್ತನ್ನು ನುಂಗಿ, ಎದ್ದು ಕೈ ತೊಳೆದುಕೊಂಡಿದ್ದರು. ಮೂವತ್ತು ವರ್ಷ ಕಾರ್ಖಾನೆಯ ಬಾಯ್ಲರ್ ನೋಡಿಕೊಂಡು ನೂರಾರು ಜನರಿಗೆ ದನಿ ಎತ್ತಿ ಹೇಳಿದವರು ಆವತ್ತು ತಮ್ಮ ತಟ್ಟೆಯನ್ನೂ ತಾವೇ ತೊಳೆದಿಟ್ಟು ಕೋಣೆಗೆ ಹೋಗಿದ್ದರು. ಸೊಸೆಗೂ ಅವರೇ ಕಾರಣ ಅನ್ನಿಸಿತ್ತು.

ಇವತ್ತು ಬೆಳಗ್ಗೆ ಅವಳು ಫಿನಾಯಿಲ್ ಬಾಟಲಿ ಹಿಡಿದು ಬಾಗಿಲು ತೆಗೆದರೆ ಕೊಳೆತ ಮೊಟ್ಟೆಯಂಥ ವಾಸನೆ ಮುಖಕ್ಕೇ ಹೊಡೆಯಿತು. ತಡೆಯಲಾಗದೆ ಮಾವನ ಕೋಣೆಗೆ ಹೋದಳು. ಅವರು ಅಂಗಿ ಮಡಿಸುತ್ತಿದ್ದರು.

"ಮಾವ, ಬೆಳಗ್ಗೆ ಹೋದಾಗ ಫ್ಲಶ್ ಮಾಡಿದ್ರಾ?"

ಅವರು ತಲೆ ಎತ್ತಲಿಲ್ಲ. "ಮೊನ್ನೆಯಿಂದ ನಾನು ಅದರೊಳಗೆ ಕಾಲಿಟ್ಟಿಲ್ಲಮ್ಮ. ಬಸ್ ನಿಲ್ದಾಣದ ಟಾಯ್ಲೆಟ್ಟಿಗೆ ಹೋಗಿ ಬರ್ತಿದ್ದೀನಿ."

ಬಸ್ ನಿಲ್ದಾಣ ಎಂದರೆ ಎರಡು ರಸ್ತೆ ದಾಟಬೇಕು. ನೋಯುವ ಮಂಡಿ ಇಟ್ಟುಕೊಂಡು! ಹಾಗಾದರೆ ಎರಡು ದಿನದ ಈ ವಾಸನೆ ಯಾರದ್ದು?

ತಕ್ಷಣ ಪ್ಲಂಬರ್‌ಗೆ ಫೋನ್ ಮಾಡಿದಳು. ಬೇರೆ ಕಡೆ ಕೆಲಸವಿದೆ, ನಾಳೆ ಬರ್ತೀನಿ ಎಂದ. "ನಾಳೆ ಬಂದು ಪ್ರಯೋಜನ ಇಲ್ಲ, ಇವತ್ತೇ ಬನ್ನಿ" ಎಂದು ಹಟ ಹಿಡಿದಳು. ಅವನು ಬಂದಾಗ ಎರಡೂವರೆ. ರಜೆ ಹಾಕಿ ಮನೆಯಲ್ಲಿದ್ದ ಗಂಡ ಹುಬ್ಬು ಗಂಟಿಕ್ಕಿದ. "ಅಪ್ಪ ಹೊರಡೋ ಹೊತ್ತಲ್ಲಿ ಇದೆಲ್ಲ ಬೇಕಿತ್ತಾ?"

"ಹೊರಡೋಕೆ ಮುಂಚೆನೇ ಬೇಕು" ಎಂದಳು.

ಪ್ಲಂಬರ್ ಮೊದಲು ಕಮೋಡಿನ ಬುಡ ಸವರಿ ನೋಡಿದ. ಹಿಂಬದಿಯಲ್ಲಿ ಸಿಮೆಂಟು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. "ಇದೂ ಒಂದು, ಆದ್ರೆ ಇಷ್ಟೊಂದು ನಾತ ಇದರದ್ದಲ್ಲ." ಮೂಲೆಯಲ್ಲಿ ನೀರು ಹೋಗುವ ಗುಂಡಿಯ ಜಾಲರಿ ಎತ್ತಿ ಟಾರ್ಚ್ ಬಿಟ್ಟ. "ನೋಡಿ, ಒಣಗಿ ಬಿಕೋ ಅಂತಿದೆ. ಇಲ್ಲಿ ಯಾವಾಗ್ಲೂ ನೀರು ನಿಂತಿರಬೇಕು. ಆ ನೀರೇ ಬಾಗಿಲಿದ್ದ ಹಾಗೆ. ಅದಿಲ್ಲ ಅಂದ್ರೆ ಚರಂಡಿ ಗಾಳಿ ನೆಟ್ಟಗೆ ಮನೆಯೊಳಗೆ."

"ದಿನಾ ತೊಳೀತೀವಲ್ಲ, ನೀರು ಹೇಗೆ ಒಣಗುತ್ತೆ?"

ಅವನು ಎರಡು ಮಗ್ಗು ನೀರು ಸುರಿದು ಫ್ಲಶ್ ಒತ್ತಿದ. ಮೂಲೆಯ ಗುಂಡಿ ಗುಳುಗುಳು ಎಂದಿತು. ನಿಂತಿದ್ದ ನೀರನ್ನೆಲ್ಲ ಯಾರೋ ಒಳಗಿನಿಂದ ಹೀರಿಕೊಂಡಂತೆ ಸರ್ರನೆ ಇಳಿದುಹೋಯಿತು.

ಬಾಗಿಲ ಹೊರಗಿಂದ ಮಾವನ ದನಿ ಕೇಳಿತು. "ಪೈಪಿಗೆ ಉಸಿರು ಸಿಗ್ತಿಲ್ಲ. ತಾರಸಿಗೆ ಹೋಗೋ ಗಾಳಿ ಕೊಳವೆ ಕಟ್ಟಿದೆ, ಅದಕ್ಕೇ ಇಲ್ಲಿಯ ನೀರನ್ನ ಎಳ್ಕೊಳ್ತಿದೆ."

ಪ್ಲಂಬರ್ ತಿರುಗಿ ನೋಡಿದ. "ಸರಿಯಾಗಿ ಹೇಳಿದ್ರಿ ಯಜಮಾನ್ರೇ. ತಾರಸಿಗೆ ಹೋಗೋಣ."

ಗಂಟೆ ಮೂರೂಕಾಲು. ಸೊಸೆ ಪ್ಲಂಬರನ ಹಿಂದೆ ಮೆಟ್ಟಿಲು ಹತ್ತಿದಳು. ಮಂಡಿ ಹಿಡಿದುಕೊಂಡು ಮಾವನೂ ಬಂದರು. ಗಂಡ ಕೊನೆಗೆ ಬಂದು ಬಾಗಿಲಲ್ಲೇ ನಿಂತ. ನೀರಿನ ಟ್ಯಾಂಕಿನ ಪಕ್ಕ ಆಳೆತ್ತರದ ಕೊಳವೆ. ಅದರ ಬಾಯಿಗೆ ದಪ್ಪ ಪ್ಲಾಸ್ಟಿಕ್ ಹೊದಿಸಿ, ನೈಲಾನ್ ದಾರ ಸುತ್ತಿ, ಬಿಗಿಯಾಗಿ ಗಂಟು ಹಾಕಲಾಗಿತ್ತು.

"ಯಾವ ಪುಣ್ಯಾತ್ಮ ಕಟ್ಟಿದ್ದು ಇದನ್ನ?" ಪ್ಲಂಬರ್ ನಕ್ಕ.

ಬೇರೆ ಯಾರೂ ನಗಲಿಲ್ಲ. ಹೋದ ತಿಂಗಳು ಗಂಡ ಬೆಳಗಿನ ವ್ಯಾಯಾಮವನ್ನು ತಾರಸಿಗೆ ವರ್ಗಾಯಿಸಿದ್ದ. ಮೇಲೆ ಕೆಟ್ಟ ಗಾಳಿ ಬರ್ತಿತ್ತು, ಸರಿ ಮಾಡಿದೆ ಎಂದು ಹೆಮ್ಮೆಯಿಂದ ಹೇಳಿಯೂ ಇದ್ದ. ಸೊಸೆ ಅವನ ಕಡೆ ನೋಡಿದಳು. ಅವನ ಕಿವಿ ಕೆಂಪೇರಿತ್ತು.

"ನಾನೇ" ಎಂದ. "ಗೊತ್ತಿರಲಿಲ್ಲ."

ಮಾವ ಆ ಗಂಟನ್ನೊಮ್ಮೆ ಮುಟ್ಟಿ ನೋಡಿ ಕೆಳಗಿಳಿದರು. ಅವರು ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.

ಪ್ಲಂಬರ್ ದಾರ ಕತ್ತರಿಸಿ, ಕೊಳವೆಯ ಬಾಯಿಗೆ ಜಾಲರಿಯ ಟೋಪಿ ಕೂರಿಸಿದ. ಕೆಳಗೆ ಬಂದು ಕಮೋಡಿನ ಬಿರುಕಿಗೆ ಬಿಳಿ ಸಿಮೆಂಟು ತುಂಬಿದ. ಮೂಲೆಗೆ ಮತ್ತೆ ನೀರು ಸುರಿದು ಫ್ಲಶ್ ಒತ್ತಿದ. ಎಲ್ಲರೂ ಆ ಗುಂಡಿಯನ್ನೇ ನೋಡಿದರು. ನೀರು ಒಮ್ಮೆ ಅಲುಗಿ ನಿಂತಿತು. ಮೂರು ಸಲ ಒತ್ತಿದರೂ ಇಳಿಯಲಿಲ್ಲ.

ಅಷ್ಟರಲ್ಲಿ ಹೊರಗೆ ಹಾರನ್ ಕೇಳಿಸಿತು.

ನಾದಿನಿ ಒಳಗೆ ಬಂದವಳೇ ಎಲ್ಲರ ಮುಖ ನೋಡಿ, "ಏನಾಯ್ತು ಅಣ್ಣ?" ಎಂದಳು. ಅವನು ಅಪ್ಪನ ಮುಂದೆ ಹೋಗಿ ನಿಂತ. "ಅಪ್ಪಾ, ತಪ್ಪು ನಂದು. ನಿಮ್ಮನ್ನ ಕೇಳಬೇಕಿತ್ತು. ಹೋಗಬೇಡಿ."

ಮಾವ ಚಪ್ಪಲಿ ಮೆಟ್ಟುತ್ತಿದ್ದರು. "ನೀನು ಹೋಗು ಅಂದಾಗ ಹೋಗೋಕೆ, ಇರು ಅಂದಾಗ ಇರೋಕೆ ನಾನೇನು ಕುರ್ಚಿನಾ?" ಬಟ್ಟೆಯ ಚೀಲ ಎತ್ತಿಕೊಂಡರು. "ಮಗಳ ಮನೇಲಿ ನಾಲ್ಕು ದಿನ ಇದ್ದು ಬರ್ತೀನಿ. ಯಾವಾಗ ಬರ್ಬೇಕು ಅಂತ ನಾನೇ ಹೇಳ್ತೀನಿ."

ಸೊಸೆ ಕಾರಿನವರೆಗೂ ಬಂದಳು. "ನಾನೂ ನಿಮ್ಮನ್ನ ಅನುಮಾನಿಸಿದೆ ಮಾವ."

"ಗೊತ್ತು. ಆದ್ರೆ ನೀನು ಹುಡುಕಿದೆ" ಎಂದು ಅವಳ ತಲೆಯ ಮೇಲೆ ಕೈಯಿಟ್ಟರು.

ಅವರು ನಾಲ್ಕು ದಿನಕ್ಕೆ ಬರಲಿಲ್ಲ. ಒಂಬತ್ತನೆಯ ದಿನ ಮಗನಿಗೇ ಫೋನ್ ಮಾಡಿ, "ಬಂದು ಕರ್ಕೊಂಡು ಹೋಗು" ಎಂದರು. ಅವನು ಚಹಾ ಕುಡಿಯುವುದನ್ನು ಅರ್ಧಕ್ಕೇ ಬಿಟ್ಟು ಹೊರಟ.