ಮೂರು ರಟ್ಟು, ಒಂದೇ ಪುಸ್ತಕ

“ಸೋಮವಾರವಷ್ಟೇ ತುಂಬಿಸಿದ್ದೆ, ಇಷ್ಟು ಬೇಗ ಯಾರು ಖಾಲಿ ಮಾಡಿದರು?”

ತಗಡಿನ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತ ಬೈಂಡಿಂಗ್ ಅಕ್ಕ ಕೇಳಿದಳು. ಅಂಗಡಿಯಲ್ಲಿ ಅವಳನ್ನು ಬಿಟ್ಟು ಯಾರೂ ಇರಲಿಲ್ಲ.

ಅಂಟಿನ ಪಾತ್ರೆಯ ಪಕ್ಕದಲ್ಲಿ ಆ ಗುಳಿಗೆ ಡಬ್ಬಿ ಇಡುವುದು ಅಪ್ಪನ ಕಾಲದಿಂದ ಬಂದ ರೂಢಿ. ಪುಸ್ತಕ ಹೊಲಿಯುವಾಗ ಅಪ್ಪನ ಬಾಯಲ್ಲಿ ಪದ್ಯ ಓಡುತ್ತಿತ್ತು. ಸಾಲು ಮುಗಿಯುವಲ್ಲಿಗೇ ದಾರದ ಗಂಟೂ ಬೀಳುತ್ತಿತ್ತು. ಯಾರಾದರೂ ಹಣೆ ಹಿಡಿದು ಕುಳಿತರೆ ಪದ್ಯ ನಿಲ್ಲಿಸದೆ ಡಬ್ಬಿಯನ್ನು ಅವರತ್ತ ಸರಿಸುತ್ತಿದ್ದರು. ಮುಚ್ಚಳದ ಟಕ್ ಸದ್ದಿಗೇ ಅರ್ಧ ನೋವು ಹೋಗುತ್ತಿತ್ತು ಎಂದು ಅವಳಿಗೆ ಇಂದಿಗೂ ಅನಿಸುತ್ತದೆ.

ಆ ವಾರ ಶಾಲಾ ಪುಸ್ತಕಗಳ ರಾಶಿ ಬಂದಿತ್ತು, ಜೊತೆಗೆ ಜ್ವರವೂ. ಬೆನ್ನಿಗೊಂದು, ನೆಗಡಿಗೊಂದು, ತಲೆಗೊಂದು ಎಂದು ಮೂರು ಬಗೆಯ ಗುಳಿಗೆಯನ್ನು ದಿನಕ್ಕೆ ನಾಲ್ಕು ಹೊತ್ತು ನುಂಗಿದ್ದಳು. ಹಸಿವು ಸತ್ತಿತು, ವಾಕರಿಕೆ ಬಂತು. ಪಿತ್ತವಿರಬೇಕು ಎಂದುಕೊಂಡಳು. ಡಬ್ಬಿ ಖಾಲಿಯಾದ ದಿನವೇ ಮಧ್ಯಾಹ್ನ ಅವಳ ಹಳದಿ ಕಣ್ಣು ಕಂಡವನು ದಾರದಜ್ಜ. ಅಪ್ಪನ ಜೊತೆ ನಲವತ್ತು ವರ್ಷ ಸೂಜಿ ಹಿಡಿದವನು. ಕೈಯಲ್ಲಿದ್ದ ಪುಸ್ತಕ ಕಸಿದಿಟ್ಟು ಆಸ್ಪತ್ರೆಗೆ ಕರೆದೊಯ್ದ.

ರಕ್ತದ ವರದಿ ನೋಡಿದ ಡಾಕ್ಟರಮ್ಮ, ಅಜ್ಜನಿಂದ ಗುಳಿಗೆಗಳ ಖಾಲಿ ಪಟ್ಟಿಗಳನ್ನು ತರಿಸಿ, ಹಿಂಬದಿಯ ಸಣ್ಣಕ್ಷರವನ್ನು ಅಕ್ಕನಿಗೇ ಓದಲು ಹೇಳಿದರು. ಮೂರರಲ್ಲೂ ಒಂದೇ ಮದ್ದು. ಅಳತೆಯಲ್ಲಿದ್ದರೆ ಒಳ್ಳೆಯದೇ, ಮೀರಿದರೆ ಪೆಟ್ಟು ಬೀಳುವುದು ಲಿವರ್‌ಗೆ. ಕುಡಿತವೂ ಸೇರಿದರೆ ಇನ್ನೂ ಕೆಟ್ಟದ್ದು ಎಂದು ಬಿಡಿಸಿ ಹೇಳಿದರು.

“ಲಿವರ್ ಬಲು ತಾಳ್ಮೆಯದು ಕಣಮ್ಮ. ನೋವಾದರೂ ಬೇಗ ಹೇಳಿಕೊಳ್ಳಲ್ಲ.”

ಅಕ್ಕ ತಲೆ ತಗ್ಗಿಸಿದಳು. ಒಂದೇ ಪುಸ್ತಕದ ಮೂರು ಪ್ರತಿಗಳಿಗೆ ಮೂರು ಬಣ್ಣದ ರಟ್ಟು ಹಾಕಿ ಕೊಟ್ಟವಳು ಅವಳೇ. ರಟ್ಟು ನೋಡಿ ಮೋಸಹೋಗುವ ಗಿರಾಕಿಗಳನ್ನು ಕಂಡು ನಕ್ಕವಳೂ ಅವಳೇ.

ಬೇಗ ಬಂದದ್ದರಿಂದ ಲಿವರ್ ಉಳಿಯಿತು. ತಿಂಗಳಾದ ಮೇಲೆ, ಕಣ್ಣು ತಿಳಿಯಾಗಿ ಅಂಗಡಿಗೆ ಬಂದವಳು ಡಬ್ಬಿಯನ್ನು ಒರೆಸಿ ಸೂಜಿಗಳನ್ನು ತುಂಬಿಟ್ಟಳು. ಮುಚ್ಚಳ ಈಗಲೂ ಟಕ್ ಎಂದಿತು.

ಅಜ್ಜ ಹಣೆ ಒತ್ತಿಕೊಳ್ಳುತ್ತ ಬಂದು ಕುಳಿತ. ನಿನ್ನೆ ಸಂಜೆ ಎರಡು ಗುಟುಕು ಹೆಚ್ಚಾಯಿತಂತೆ. ಮೇಜಿನ ಖಾನೆಯಲ್ಲಿ ಆ ಗುಳಿಗೆಯ ಒಂದು ಪಟ್ಟಿ ಉಳಿದಿರುವುದು ಇಬ್ಬರಿಗೂ ಗೊತ್ತು. ಅವಳು ಡಾಕ್ಟರಮ್ಮನ ಮಾತು ನೆನಪಿಸಿದರೆ ನಕ್ಕುಬಿಟ್ಟ.

“ಅದು ನಿನ್ನ ಲಿವರ್‌ಗೆ ಹೇಳಿದ್ದು. ನಂದು ಹಳೇ ಕಾಲದ ಹೊಲಿಗೆ, ಬಿಚ್ಚಲ್ಲ.”

ಅವಳು ಒಂದು ಲೋಟ ನೀರು ತಂದು ಅವನ ಮುಂದಿಟ್ಟಳು. ಅವನು ಅಂಗೈ ಚಾಚಿದ.

“ನೀರಿನ ಜೊತೆ ಅದನ್ನೂ ಕೊಡಮ್ಮ. ನಿಮ್ಮಪ್ಪ ಒಂದು ದಿನವೂ ಇಲ್ಲ ಅಂದವನಲ್ಲ.”

ಆ ಅಂಗೈಯ ಸೂಜಿಗಾಯಗಳನ್ನು ಅವಳು ಚಿಕ್ಕಂದಿನಿಂದ ಬಲ್ಲಳು. ಎದ್ದು ಖಾನೆಗೆ ಬೀಗ ಹಾಕಿದಳು.

“ಅಪ್ಪನಿಗೆ ಗೊತ್ತಿರಲಿಲ್ಲ ಅಜ್ಜ. ನನಗೆ ಗೊತ್ತು. ಕೊಡಲ್ಲ.”