ಮೇಟಿಗೆ ಕಟ್ಟಿದ ಹಡಗು

ದೊಡವಾಡದ ನಮ್ಮ ಹೊಲದಲ್ಲಿ ಕಣದ ನಡುವೆ ಒಂದು ಮೇಟಿ ಇದೆ. ಜಾಲಿಯ ಕಂಬ, ಸೊಂಟದಾಳ ನೆಲದೊಳಗೆ ಹೂಳಿದ್ದು. ಹಿಂದೆ ಅದಕ್ಕೆ ಎತ್ತು ಕಟ್ಟಿ, ಸುತ್ತ ತಿರುಗಿಸಿ ತೆನೆ ತುಳಿಸುತ್ತಿದ್ದೆವು. ಅದನ್ನು ಹೂಳಿದ ವರ್ಷ ನನಗೆ ಇಪ್ಪತ್ತೆರಡು. ಈಗ ಮಶೀನು ಬಂದಿದೆ.

ಈ ಸಲ ಜೋಳದ ರಾಶಿಯ ದಿನ ತಮ್ಮನ ಮಗ ನಿಜಗುಣಪ್ಪ ಕಬ್ಬಿಣದ ಹಾರೆ ಹಿಡಿದೇ ಬಂದ. ಹಿಂದೆ ಬುಡನಸಾಬನ ಟ್ರ್ಯಾಕ್ಟರ್.

"ಕಾಕಾ, ಇವತ್ತ ಇದನ್ನ ಕಿತ್ತ ಒಗಿಯೂದ. ಟ್ರ್ಯಾಕ್ಟರ್ ತಿರಗಾಕ ಜಾಗಾ ಇಲ್ಲ."

"ರಾಶಿ ಅಳದ ಮುಗೀಲಿ. ಅದಕ್ಕೂ ಮೊದಲ ಮೇಟಿ ಕೀಳಬಾರದು."

"ಹೋದ ವರ್ಷಾನೂ ಹಿಂಗ ಅಂದಿದ್ದಿ. ಅಳದ ಮ್ಯಾಲೆ ಮರತಿ."

"ಮರತಿಲ್ಲ. ಸುಮ್ಮನಿದ್ದೆ."

ಬುಡನಸಾಬ ನಕ್ಕ. "ಸಂಜೀತನಕ ತಡಿಯಪಾ. ಇಷ್ಟ ವರ್ಷ ನಿಂತದ್ದು ಇವತ್ತ ಓಡಿ ಹೋಗತೈತೇನು?"

ಸಂಜೆಗೆ ಕೀಳುವುದೆಂದು ಠರಾವಾಯಿತು.

ಮಧ್ಯಾಹ್ನ ಮೂಡಣ ಗಾಳಿ ಎದ್ದಿತು. ಅದರ ಜೊತೆ ಮಿಲಿಟರಿಯವರ ಗಾಳಿಹಡಗು ಬಂತು. ನಾಲ್ಕು ದಿನದಿಂದ ಅದು ಸವದತ್ತಿಯ ಕಡೆ ಆಕಾಶದಲ್ಲಿ ಓಡಾಡುವುದನ್ನು ನೋಡಿದ್ದೆವು. ಬೂದಿ ಬಣ್ಣದ ದೊಡ್ಡ ಬಲೂನು, ಬಾಳೆಹೂವಿನ ಆಕಾರ, ಹೊಟ್ಟೆಯ ಕೆಳಗೊಂದು ಗೂಡು. ಆ ದಿನ ಮಾತ್ರ ಸದ್ದಿರಲಿಲ್ಲ. ಇಂಜಿನ್ ಬಂದಾಗಿ, ಕೆಳಗಿಳಿಯುತ್ತ, ಗಾಳಿ ಒಯ್ದ ಕಡೆ ಹೊರಟಿತ್ತು. ಗೂಡಿನಲ್ಲಿ ಇಬ್ಬರಿದ್ದರು. ಅದು ಹೊರಟ ದಿಕ್ಕಿಗೇ ಎರಡು ಹೊಲದಾಚೆ ದೊಡ್ಡ ಕರೆಂಟಿನ ತಂತಿ.

ಮೂತಿಯಿಂದ ಒಂದು ಹಗ್ಗ, ಬಾಲದಿಂದ ಒಂದು ಹಗ್ಗ ನೆಲ ಸವರುತ್ತ ಬರುತ್ತಿದ್ದವು. ನಿಜಗುಣಪ್ಪ ಓಡಿ ಮೂತಿಯದನ್ನು ಹಿಡಿದ. ನಾನು ಅದನ್ನು ಮೇಟಿಯ ಬುಡಕ್ಕೆ ಮೂರು ಸುತ್ತು ಸುತ್ತಿದೆ. ಬುಡನಸಾಬ ಬಾಲದ ಹಗ್ಗವನ್ನು ಟ್ರ್ಯಾಕ್ಟರಿಗೆ ಬಿಗಿದ. ಮೇವಿನ ಗಾಡಿ ಕಟ್ಟುವವರು ಎರಡೂ ತುದಿ ಕಟ್ಟದೆ ಬಿಡುವುದಿಲ್ಲ.

ಹಡಗು ಗಾಳಿಗೆ ಅಡ್ಡವಾಗಿ ನಿಂತಿತು. ಇಡೀ ಮಗ್ಗುಲಿಗೆ ಗಾಳಿ ಹೊಡೆಯಿತು. ಟ್ರ್ಯಾಕ್ಟರಿನ ಹಿಂದಿನ ಗಾಲಿ ನೆಲ ಬಿಟ್ಟಿತು. ಮೇಟಿ ವಾಲಿತು, ಬುಡದ ಮಣ್ಣು ಬಿರಿಯಿತು. ಗೂಡಿನಿಂದ ಒಬ್ಬ ಹಿಂದಿಯಲ್ಲಿ ಕೂಗುತ್ತಿದ್ದ. ಗಾಳಿಯಲ್ಲಿ ಏನೂ ತಿಳಿಯಲಿಲ್ಲ.

"ಬುಡನಸಾಬ, ಬಾಲ ಬಿಡು!" ಎಂದು ನಾನು ಕೂಗಿದೆ.

"ಬಿಟ್ಟರ ತಂತಿಗಿ ಹೋಗತೈತಿರಿ!"

"ಹೋಗೂದಿಲ್ಲ. ಎತ್ತಿಗೆ ಮೂಗಿನ ಹಗ್ಗ ಒಂದ ಸಾಕು. ಬಾಲಾನೂ ಕಟ್ಟಿದರ ಒದೀತೈತಿ. ಕೊಯ್ಯಿ!"

ಅವನು ನಿಜಗುಣಪ್ಪನ ಮುಖ ನೋಡಿದ. ಆಮೇಲೆ ಹಗ್ಗಕ್ಕೆ ಕುಡಗೋಲು ಹಾಕಿದ.

ಬಾಲ ಬೀಸಿ ತಿರುಗಿತು. ತುಂಡು ಹಗ್ಗ ನಮ್ಮ ರಾಶಿಯನ್ನು ಸೀಳಿಕೊಂಡು ಹೋಯಿತು. ಮೂತಿ ಗಾಳಿಗೆದುರಾಗಿ, ಹಡಗು ಮೇಟಿಯ ಹಿಂದೆ ಸಾಧುವಾಗಿ ನಿಂತಿತು. ಗಾಳಿ ಸ್ವಲ್ಪ ತೆಂಕಣಕ್ಕೆ ಹೊರಳಿದರೆ ಅದೂ ಹೊರಳುತ್ತಿತ್ತು. ತಂತಿ ಒಂದು ಹೊಲದಷ್ಟು ದೂರ ಉಳಿಯಿತು.

ಅಧಿಕಾರಿಯೊಬ್ಬ ಏಣಿಯಿಂದ ಕಣಕ್ಕಿಳಿದ.

"ಬೂಟ ಕಳೀರಿ," ಎಂದೆ.

ಬುಡನಸಾಬ ಹಿಂದಿಯಲ್ಲಿ ಹೇಳಿದ. ಅವನು ಬೂಟು ಕಳೆದು, ಚೆಲ್ಲಿದ ಜೋಳ ತುಳಿಯದಂತೆ ಬಂದು ಕುಳಿತ. ಮಜ್ಜಿಗೆ ಕೊಟ್ಟೆವು. ಅವರ ಮಿಲಿಟರಿ ಲಾರಿ ಬರುವತನಕ ಮಾತಾಡಿದ. ಇಂಥವು ಗಡಿಯಲ್ಲಿ ಇಳಿಯದೆ ದಿನಗಟ್ಟಲೆ ಕಾವಲು ನಿಲ್ಲಬಹುದಂತೆ. ಟವರ್ ಬಿದ್ದ ಊರಿನ ಮೇಲೆ ನಿಂತು ಫೋನು ನಡೆಸಬಹುದಂತೆ. ರಸ್ತೆಯಿಲ್ಲದ ಕಡೆ ಸಾಮಾನು ಇಳಿಸಬಹುದಂತೆ.

ರಾಮದುರ್ಗದ ಹೊಳೆ ಊರಿಗೆ ನುಗ್ಗಿದ ವರ್ಷ ನನ್ನ ಅಕ್ಕ ಇಂದ್ರವ್ವ ಎರಡು ದಿನ ಮಾಳಿಗೆಯ ಮೇಲೆ ಕುಳಿತಿದ್ದಳು. ಸೆಳವಿಗೆ ದೋಣಿ ಹತ್ತಿರ ಬರಲಿಲ್ಲ.

"ಇದು ಮಾಳಗಿ ಮ್ಯಾಲೆ ನಿಂದರತಿತ್ತೇನು, ಕೇಳು," ಎಂದು ಬುಡನಸಾಬನಿಗೆ ಹೇಳಿದೆ.

ಅಧಿಕಾರಿ ಮೇಟಿ ನೋಡಿ ಏನೋ ಹೇಳಿದ.

"ಗಾಳಿ ಸಣ್ಣದಿದ್ದರ ನಿಂದರತೈತಂತರಿ. ಆದರ ಕಟ್ಟಾಕ ಏನರ ಗಟ್ಟಿ ಇರಬೇಕಂತ," ಎಂದ ಬುಡನಸಾಬ.

ಲಾರಿಯವರು ಕಬ್ಬಿಣದ ಕಂಬ ನಿಲ್ಲಿಸಿ, ಹಡಗನ್ನು ಮೇಟಿಯಿಂದ ಬಿಚ್ಚಿ ಅದಕ್ಕೆ ಕಟ್ಟಿದರು. ಇಂಜಿನ್ ರಿಪೇರಿಯಾಗಿ ಮರುದಿನ ಅದು ಹೋಯಿತು. ಚೆಲ್ಲಿದ್ದನ್ನು ಗುಡಿಸಿ, ರಾಶಿ ಅಳೆದೆವು.

"ಅಳದದ್ದಾತು. ತಗೊ," ಎಂದು ನಾನೇ ಹಾರೆ ಕೊಟ್ಟೆ.

ನಿಜಗುಣಪ್ಪ ಅದರಿಂದ ಮೇಟಿಯ ಬುಡದ ಮಣ್ಣು ಗುದ್ದಿ ಕೂರಿಸತೊಡಗಿದ. "ಹಿಡಕೊ ಕಾಕಾ, ಇನ್ನೂ ಸೊಟ್ಟ ಐತಿ," ಎಂದ.

ಹಿಡಿದುಕೊಂಡೆ. ಚೀಲ ಹೇರಿದ ಟ್ರ್ಯಾಕ್ಟರ್ ಮೇಟಿಯನ್ನು ಬಳಸಿ ಹೋಯಿತು.