ಗಾಜಿಲ್ಲದ ಕನ್ನಡಕ

"ನಿಲ್ಸು," ಎಂದರು ಅಪ್ಪ.

ಚಿಕ್ಕವಳು ರಿಮೋಟ್ ಒತ್ತಿದಳು. ಟೀವಿಯಲ್ಲಿ ಕೊರಿಯಾದ ಹುಡುಗನೊಬ್ಬ ಬಾಯಿ ಅರ್ಧ ತೆರೆದು, ಕಣ್ಣು ಅರ್ಧ ಮುಚ್ಚಿ, ಕೈಯಲ್ಲಿ ಪುಸ್ತಕ ಹಿಡಿದು ನಿಂತುಬಿಟ್ಟ. ಡ್ರಾಮಾ ಶುರುವಾಗಿ ಇನ್ನೂ ಹೀರೋಯಿನ್ನಿನ ಮುಖ ಕೂಡ ತೋರಿಸಿರಲಿಲ್ಲ. ಸೋಫಾದ ಇನ್ನೊಂದು ತುದಿಯಲ್ಲಿ ಬಟ್ಟೆ ಮಡಚುತ್ತಿದ್ದ ಅಕ್ಕ ಒಂದು ಟವೆಲ್ಲನ್ನು ಎದೆಗವಚಿಕೊಂಡು ಹಾಗೇ ಕೂತಳು. ಅಪ್ಪ ಎದ್ದು ಟೀವಿಯ ಹತ್ತಿರ ಹೋಗಿ, ಬಗ್ಗಿ, ಆ ಹುಡುಗನ ಮುಖವನ್ನು ಈ ಕಡೆಯಿಂದ ಒಮ್ಮೆ ಆ ಕಡೆಯಿಂದ ಒಮ್ಮೆ ನೋಡಿದರು.

"ಇವನ ಕನ್ನಡಕದಲ್ಲಿ ಗಾಜೇ ಇಲ್ಲ."

"ಶೂಟಿಂಗ್ ಅಲ್ವಾಪ್ಪ. ಲೈಟ್ ಹೊಳೀಬಾರ್ದು ಅಂತ ತೆಗ್ದಿರ್ತಾರೆ."

"ಗಾಜಿಲ್ದಿರೋ ಕನ್ನಡಕ ಹಾಕ್ಕೊಂಡು ಓದ್ತಾ ಇದಾನೆ. ಪುಟ ಬೇರೆ ತಿರುವ್ತಾನೆ." ಅಪ್ಪ ವಾಪಸು ಬಂದು ಕೂತರು. "ಹೂಂ, ಹಾಕು. ಇನ್ನೇನೇನು ಮೋಸ ಮಾಡ್ತಾರೋ ನೋಡೋಣ."

ಚಿಕ್ಕವಳು ಮತ್ತೆ ರಿಮೋಟ್ ಒತ್ತಿದಳು. ಔಷಧಿ ಒಳಗೆ ಹೋಗುತ್ತಿತ್ತು.

ಕಾಲೇಜಿನಲ್ಲಿ ಅವಳನ್ನು ಎಲ್ಲರೂ ಡಾಕ್ಟರು ಎಂದೇ ಕರೆಯುತ್ತಿದ್ದರು. ಓದುತ್ತಿದ್ದದ್ದು ಕಾಮರ್ಸು, ಡಾಕ್ಟರಿಕೆ ಕೊರಿಯನ್ ಡ್ರಾಮಾಗಳದ್ದು. ಪ್ರೀತಿ ಮುರಿದುಬಿದ್ದವರಿಗೆ ಒಂದು, ಪರೀಕ್ಷೆ ಕೈಕೊಟ್ಟವರಿಗೆ ಒಂದು, ಊಟ ಸೇರದವರಿಗೆ ಬರೀ ಅಡುಗೆಮನೆಯಲ್ಲೇ ನಡೆಯುವಂಥದ್ದು ಒಂದು. ರೋಗಿಯ ಲಕ್ಷಣ ಕೇಳಿ, ಕ್ಯಾಂಟೀನಿನ ಮೇಜಿನ ಮೇಲೆ ಬೆರಳು ಬಡಿದು ಯೋಚಿಸಿ, ಹೆಸರು ಬರೆದು ಕಳಿಸುತ್ತಿದ್ದಳು. ಜೊತೆಗೆ, ಮೂರನೆಯ ಕಂತಿನವರೆಗೆ ತಾಳ್ಮೆ ಇರಲಿ, ಆಮೇಲೆ ನೀನೇ ನನ್ನ ಕಾಲಿಗೆ ಬೀಳ್ತೀಯ ಎಂಬ ಎಚ್ಚರಿಕೆ. ಲೈಬ್ರರಿಯ ಮೇಡಂ ಒಬ್ಬರು ಇವಳು ಹೇಳಿದ್ದನ್ನು ನೋಡಿ, ಮಾತು ಬಿಟ್ಟಿದ್ದ ತಂಗಿಗೆ ಫೋನ್ ಮಾಡಿದ್ದರಂತೆ. ಆಮೇಲೆ ಇವಳು ಪುಸ್ತಕ ತಡವಾಗಿ ಕೊಟ್ಟರೆ ಯಾರೂ ದಂಡ ಕೇಳುತ್ತಿರಲಿಲ್ಲ.

ಇಂಥ ಡಾಕ್ಟರಿಗೆ ಮನೆಯ ರೋಗವೇ ಸವಾಲಾಗಿತ್ತು.

ಅಪ್ಪನದು ಕನ್ನಡಕದ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಕಣ್ಣು ಪರೀಕ್ಷೆ ಮಾಡುವುದು, ನಂಬರು ಹೇಳುವುದು, ಗಾಜು ಉಜ್ಜಿ ಫ್ರೇಮಿಗೆ ಕೂಡಿಸುವುದು ಎಲ್ಲ ಅವರೇ; ಫ್ರೇಮು ತೋರಿಸಿ, 'ನಿಮ್ಮ ಮುಖಕ್ಕೆ ಇದೇ ಒಪ್ಪತ್ತೆ' ಎನ್ನುವುದು ಅಮ್ಮ. ಅಪ್ಪ ಕೊಟ್ಟ ನಂಬರು ತಪ್ಪು ಎಂದು ಹೇಳಿದವರು ಈವರೆಗೆ ಒಬ್ಬರೂ ಇರಲಿಲ್ಲ. ಒಬ್ಬನನ್ನು ಬಿಟ್ಟು.

ಆ ಒಬ್ಬನನ್ನೇ ಅಕ್ಕ ಮದುವೆಯಾಗಬೇಕೆಂದಿದ್ದಳು.

ಅವನು ಲಿಫ್ಟು ರಿಪೇರಿ ಮಾಡುವವನು. ಅಕ್ಕ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಬಂದವರನ್ನು ಕೂರಿಸುವ, ಸರದಿ ಕರೆಯುವ ಕೆಲಸದಲ್ಲಿದ್ದಳು. ಆ ಕಟ್ಟಡದ ಲಿಫ್ಟು ಪದೇ ಪದೇ ಕೆಡುತ್ತಿತ್ತು, ಅದೂ ಅಕ್ಕನ ಪಾಳಿಯಲ್ಲೇ. ಇದು ಯಂತ್ರದ ದೋಷವಲ್ಲ ಎಂದು ಮೊದಲು ವಾಸನೆ ಹಿಡಿದವಳು ಚಿಕ್ಕವಳು. ಹುಡುಗ ಒಳ್ಳೆಯವನೇ. ಬುದ್ಧಿವಂತಿಕೆ ಮಾಡಲು ಹೋಗಿ ಕೆಟ್ಟ. ಮಾವನಾಗುವವರ ಮನಸ್ಸು ಗೆಲ್ಲಬೇಕೆಂದು, ಯಾರೆಂದು ಹೇಳಿಕೊಳ್ಳದೆ ಗಿರಾಕಿಯ ಹಾಗೆ ಅಂಗಡಿಗೆ ಬಂದು ಕನ್ನಡಕ ಮಾಡಿಸಿಕೊಂಡ. ಅದನ್ನು ಹಾಕಿದರೆ ತಲೆ ಸಿಡಿಯುತ್ತಿತ್ತು. ವಾಪಸು ಬಂದು ಹೇಳಲು ಧೈರ್ಯ ಸಾಲದೆ ಬೇರೆ ಕಡೆ ಇನ್ನೊಂದು ಮಾಡಿಸಿದ. ಕೊನೆಗೆ ಅಕ್ಕನನ್ನು ಕೇಳಲು ಮನೆಗೆ ಬಂದ ದಿನ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಣ್ಣು ಹಿಡಿದುಕೊಂಡು, ಆ ಇನ್ನೊಂದು ಕನ್ನಡಕವನ್ನೇ ಹಾಕಿಕೊಂಡು ಬಂದ.

ಅಪ್ಪ ಹಣ್ಣನ್ನೂ ನೋಡಲಿಲ್ಲ, ಅಂಗಿಯನ್ನೂ ನೋಡಲಿಲ್ಲ. "ಇದು ನಾನು ಕೊಟ್ಟಿದ್ದಲ್ಲ," ಎಂದರು. ಹುಡುಗ ಸುಳ್ಳು ಹೇಳಲು ಬಾರದವನು. "ಅದು ಹಾಕ್ಕೊಂಡ್ರೆ ತಲೆನೋವು ಬರ್ತಿತ್ತು ಸರ್," ಎಂದ. ಅಲ್ಲಿಗೆ ಮಾತು ಮುಗಿಯಿತು. ಅಂದಿನಿಂದ ಮನೆಯಲ್ಲಿ ಅವನ ಹೆಸರು ತಲೆನೋವು.

ಎರಡನೆಯ ಸಲ ಅಕ್ಕ ಆ ಮಾತೆತ್ತಿದಾಗ ಅಪ್ಪ ಊಟದ ತಟ್ಟೆ ಬಿಟ್ಟು ಎದ್ದಿದ್ದರು. ಮೂರನೆಯ ಸಲ ಎತ್ತಲು ಅಕ್ಕನಿಗೆ ಬಾಯಿಯೇ ಬರುತ್ತಿರಲಿಲ್ಲ. ಸ್ನಾನದ ಮನೆಯ ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದಳು. ಅಮ್ಮ ಹೊರಗಿನಿಂದ, ಅಳೋದಾದ್ರೆ ಅಳು, ನೀರು ಯಾಕೆ ಖರ್ಚು ಮಾಡ್ತೀಯ ಎಂದು ಕೇಳುತ್ತಿದ್ದಳು.

ಆಗ ಚಿಕ್ಕವಳ ತಲೆಯಲ್ಲಿ ದೀಪ ಹೊತ್ತಿಕೊಂಡಿತು. ತಾನು ಆಗ ನೋಡುತ್ತಿದ್ದ ಡ್ರಾಮಾ ಅಪ್ಪನಿಗೆಂದೇ ಮಾಡಿಸಿದ ಹಾಗಿತ್ತು. ಅದರಲ್ಲೊಬ್ಬ ಇಸ್ತ್ರಿ ಅಂಗಡಿಯ ಮುದುಕ, ಅವನಿಗೊಬ್ಬಳು ಮಗಳು, ಎದುರಿಗೇ ಬಟ್ಟೆ ಒಗೆಯುವ ಯಂತ್ರಗಳನ್ನಿಟ್ಟು ಅಂಗಡಿ ತೆಗೆದ ಹುಡುಗ. ಮುದುಕನಿಗೆ ಅವನ ನೆರಳು ಕಂಡರಾಗದು. ಆದರೆ ಹತ್ತನೆಯ ಕಂತಿನಲ್ಲಿ, ಮಳೆಯಲ್ಲಿ ನೆನೆಯುತ್ತಿದ್ದ ಆ ಹುಡುಗನಿಗೆ ಮುದುಕ ಮಾತಿಲ್ಲದೆ ತನ್ನ ಕೊಡೆ ಕೊಟ್ಟು ಹೋಗುತ್ತಾನೆ. ಚಿಕ್ಕವಳು ಅದನ್ನು ನೋಡಿ ದಿಂಬು ಕಚ್ಚಿಕೊಂಡು ಕಿರುಚಿದ್ದಳು. ಕೊರಿಯನ್ ಡ್ರಾಮಾ ನೋಡಿದವರಿಗೆಲ್ಲ ಗೊತ್ತು: ಕೊಡೆ ಕೊಟ್ಟರು ಎಂದರೆ ಮನಸ್ಸು ಕೊಟ್ಟರು ಎಂದೇ ಲೆಕ್ಕ. ಕೊಡೆ ಕೊಟ್ಟವರು ಮಗಳನ್ನು ಕೊಡದಿರುತ್ತಾರೆಯೇ?

ಆ ಖುಷಿಯಲ್ಲಿ ಅವಳು ತನ್ನ ಡಾಕ್ಟರಿಕೆಯ ಮೊದಲನೆಯ ನಿಯಮವನ್ನೇ ಗಾಳಿಗೆ ತೂರಿದಳು. ಪೂರ್ತಿ ಮುಗಿಯದ ಡ್ರಾಮಾವನ್ನು ಯಾರಿಗೂ ಹೇಳಬಾರದು. ಇದಿನ್ನೂ ವಾರಕ್ಕೆರಡು ಕಂತಿನಂತೆ ಬರುತ್ತಲೇ ಇತ್ತು. ಕೊನೆ ಏನೆಂದು ಅವಳಿಗೂ ಗೊತ್ತಿರಲಿಲ್ಲ.

ಅಪ್ಪ ಮೊದಲನೆಯ ಕಂತನ್ನು ಬೈದುಕೊಂಡು ನೋಡಿದರು, ಎರಡನೆಯದನ್ನು ಬೈಯುವುದಕ್ಕಾಗಿ ನೋಡಿದರು, ಮೂರನೆಯದಕ್ಕೆ ಬೈಯುವುದನ್ನು ಮರೆತರು. ನಾಲ್ಕನೆಯದರ ಹೊತ್ತಿಗೆ ಊಟದ ಮೇಜನ್ನು ಟೀವಿಯ ಕಡೆ ತಿರುಗಿಸಿಯಾಗಿತ್ತು. ಕೆಳಗೆ ಓಡುವ ಅಕ್ಷರ ಚಿಕ್ಕದೆಂದು ಸೆಟ್ಟಿಂಗಿಗೆ ಹೋಗಿ ದೊಡ್ಡದು ಮಾಡಿಸಿದರು. ಹೀರೋನ ಗದ್ದವೆಲ್ಲ ಅಕ್ಷರದಡಿ ಮುಚ್ಚಿಹೋದರೂ ಅವರಿಗೆ ಚಿಂತೆಯಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಮುದುಕ. ಮುದುಕ ಇಸ್ತ್ರಿಪೆಟ್ಟಿಗೆ ಎತ್ತಿದರೆ, "ನೋಡೇ, ಕೆಲಸ ಅಂದ್ರೆ ಇದು," ಎಂದು ಅಮ್ಮನನ್ನು ತಿವಿಯುತ್ತಿದ್ದರು.

ಆಮೇಲೆ ಅಂಗಡಿಯಲ್ಲೂ ಶುರುವಾಯಿತು. ಕಣ್ಣು ತೋರಿಸಲು ಬಂದವರಿಗೆ ನಂಬರಿನ ಜೊತೆ ಡ್ರಾಮಾದ ಹೆಸರನ್ನೂ ಬರೆದುಕೊಡತೊಡಗಿದರು. ಗೋಡೆಯ ಮೇಲಿನ ಅಕ್ಷರ ಓದುತ್ತಿದ್ದ ಬ್ಯಾಂಕಿನವರೊಬ್ಬರನ್ನು ಅರ್ಧಕ್ಕೆ ನಿಲ್ಲಿಸಿ ಐದನೆಯ ಕಂತಿನ ಕಥೆ ಹೇಳಿದರಂತೆ. ಚಿಕ್ಕವಳಿಗೆ ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತು. ಇದು ತನ್ನ ಕ್ಲಿನಿಕ್ಕಿನ ಪಕ್ಕದಲ್ಲೇ ಇನ್ನೊಂದು ಬೋರ್ಡು ತೂಗುಹಾಕಿದಂತೆ. ಆದರೂ ಸಹಿಸಿದಳು. ಕೊಡೆಯ ಕಂತು ಬಂದಾಗ ಅಪ್ಪ ಎದ್ದು ಅಡುಗೆಮನೆಗೆ ಹೋಗಿ, ಸುಮ್ಮನೆ ಒಂದು ಲೋಟ ತೊಳೆದು ಬಂದರು. ಅಕ್ಕ, ಚಿಕ್ಕವಳು ಮುಖ ಮುಖ ನೋಡಿಕೊಂಡರು. ಮರುದಿನ ತಿಂಡಿ ತಿನ್ನುವಾಗ ಅಕ್ಕ ಗಟ್ಟಿ ಮನಸ್ಸು ಮಾಡಿ ಕೇಳಿಯೇಬಿಟ್ಟಳು.

ಅಪ್ಪ ಏಳಲಿಲ್ಲ. ತಟ್ಟೆ ನೋಡುತ್ತ ಸ್ವಲ್ಪ ಹೊತ್ತು ಅಗಿದರು.

"ಕೊನೆ ಕಂತು ಆಗ್ಲಿ," ಎಂದರು. "ಆ ಇಸ್ತ್ರಿಯವನು ಏನ್ ಮಾಡ್ತಾನೆ ನೋಡ್ಕೊಂಡು ಹೇಳ್ತೀನಿ. ಅವನು ನನಗಿಂತ ತಿಳಿದೋನು."

ಅಕ್ಕನ ಮುಖ ಅರಳಿತು. ಚಿಕ್ಕವಳು ಕಾಲೇಜಿನ ಬಸ್ಸಿನಲ್ಲಿ ಕೂತು, ಕೊನೆ ಏನಿರಬಹುದೆಂದು ಮೊಬೈಲಿನಲ್ಲಿ ಹುಡುಕಿದಳು. ಇದನ್ನು ಬರೆದ ಮಹಾತಾಯಿಯ ಹಿಂದಿನ ಡ್ರಾಮಾಗಳ ಪೈಕಿ ಒಂದರಲ್ಲಿ ಹೀರೋ ಸತ್ತಿದ್ದ, ಇನ್ನೊಂದರಲ್ಲಿ ಹೀರೋಯಿನ್ನಿಗೆ ಮರೆವು ಹಿಡಿದಿತ್ತು, ಮತ್ತೊಂದರಲ್ಲಿ ನಾಯಿಯನ್ನೂ ಉಳಿಸಿರಲಿಲ್ಲ. ಅಭಿಮಾನಿಗಳು ಈಗಿನಿಂದಲೇ ಅಳುತ್ತ ಪ್ರಾರ್ಥಿಸುತ್ತಿದ್ದರು. ಚಿಕ್ಕವಳು ಇಳಿಯುವ ಸ್ಟಾಪು ದಾಟಿಹೋಗಿತ್ತು.

ಅಂದು ಸಂಜೆ ಅಪ್ಪನಿಗೆ ಇನ್ನೊಂದು ಡ್ರಾಮಾ ತೋರಿಸಲು ನೋಡಿದಳು. ಅದರಲ್ಲಿ ಮೂರು ಮದುವೆಗಳಿವೆ, ಅದೂ ಗ್ಯಾರಂಟಿ. ಒಂದೇ ಕಣ್ಣಿನ ನಂಬರು ಹೇಳಿ ಎದ್ದು ಹೋಗೋನಲ್ಲ ನಾನು ಎಂದು ಅಪ್ಪ ಜಗ್ಗಲಿಲ್ಲ. ವಿಧಿಯಿಲ್ಲದೆ ಅಕ್ಕನ ಮುಂದೆ ಬಾಯಿಬಿಟ್ಟಳು.

ಅಕ್ಕ ಬಾಚಣಿಗೆ ಕೂದಲಲ್ಲೇ ಬಿಟ್ಟು ತಿರುಗಿದಳು. "ಮುಗೀದೇ ಇರೋದನ್ನ ಅಪ್ಪಂಗೆ ತೋರಿಸ್ದ್ಯಾ? ನನ್ನ ಮದುವೇನ ಯಾರೋ ಕೊರಿಯಾದೋಳ ಕೈಗೆ ಕೊಟ್ಯಲ್ಲೇ."

"ಕೊಡೆ ಕೊಟ್ಟಿದ್ದಾನಲ್ಲಕ್ಕ," ಎಂದಳು ಚಿಕ್ಕವಳು, ದನಿಯೇ ಇಲ್ಲದೆ.

ಕೊನೆಯ ಕಂತು ಭಾನುವಾರ. ಅಮ್ಮ ಅಂಗಡಿಯ ಶಟರು ಬೇಗ ಎಳೆದು ಬಂದಳು. ತಲೆನೋವು ತನ್ನ ಕೋಣೆಯಲ್ಲಿ ಒಬ್ಬನೇ ಕೂತು ಅದನ್ನೇ ನೋಡುತ್ತಿದ್ದಾನೆ ಎಂದು ಅಕ್ಕ ಪಿಸುಗುಟ್ಟಿದಳು. ಅವಳ ಮೊಬೈಲು ದಿಂಬಿನಡಿ ಆಗಾಗ ನಡುಗುತ್ತಿತ್ತು. ಅರ್ಧದವರೆಗೆ ಎಲ್ಲ ಸುಸೂತ್ರ. ಮುದುಕ ಎದುರಂಗಡಿಯ ಬಾಗಿಲವರೆಗೆ ಹೋದ, ಕೈ ಎತ್ತಿದ, ಬಾಗಿಲು ತಟ್ಟದೆ ವಾಪಸು ಬಂದ. ಪರದೆ ಕಪ್ಪಾಯಿತು. ಅದರ ಮೇಲೆ ಬಿಳಿಯ ಅಕ್ಷರಗಳು ಮೂಡಿದವು: ಎರಡು ವರ್ಷಗಳ ನಂತರ.

ಚಿಕ್ಕವಳು ಕಣ್ಣು ಮುಚ್ಚಿಕೊಂಡಳು. ಆ ಮೂರು ಪದ ನೋಡಿದ ಮೇಲೆ ಒಳ್ಳೆಯದನ್ನು ನಿರೀಕ್ಷಿಸುವವಳು ಈ ಕ್ಷೇತ್ರಕ್ಕೆ ಹೊಸಬಳಿರಬೇಕು.

ಮಗಳು ಬೇರೆ ದೇಶಕ್ಕೆ ಹೋಗಿದ್ದಳು. ಹುಡುಗ ಯಂತ್ರಗಳನ್ನು ಮಾರಿ ಊರು ಬಿಟ್ಟಿದ್ದ. ಮುದುಕ, ಆ ಹುಡುಗ ಬಿಟ್ಟುಹೋದ ಅಂಗಿಯೊಂದಕ್ಕೆ ಇಸ್ತ್ರಿ ಹಾಕಿ, ಅವನು ವಾಪಸು ಕೊಟ್ಟು ಗೋಡೆಯ ಮೂಲೆಯಲ್ಲಿ ಒರಗಿಸಿಟ್ಟಿದ್ದ ಕೊಡೆಯ ಹಿಡಿಗೆ ತೂಗುಹಾಕಿದ. ಹೊರಗೆ ಹಿಮ ಬೀಳುತ್ತಿತ್ತು. ಹಾಡು ಬಂತು.

ಅಪ್ಪ ಹೆಸರುಗಳೆಲ್ಲ ಓಡಿ ಮುಗಿಯುವವರೆಗೆ ನೋಡುತ್ತಲೇ ಇದ್ದರು.

"ಮುಂದಿನ್ದು ಹಾಕು."

"ಮುಗೀತಪ್ಪ."

"ಹೆಂಗೆ ಮುಗಿಯತ್ತೆ?" ಅಪ್ಪ ಎದ್ದೇ ನಿಂತರು. ಟೀವಿಗೂ ಸೋಫಾಕ್ಕೂ ನಡುವೆ ಓಡಾಡಿದರು. ಅವರ ಸಿಟ್ಟು ಮೊದಲು ಬರೆದವಳ ಮೇಲೆ ಹೋಯಿತು, ಆಮೇಲೆ ಹಿಮದ ಮೇಲೆ, ಕೊನೆಗೆ ತಮ್ಮ ಪ್ರೀತಿಯ ಮುದುಕನ ಮೇಲೆ. "ಬಾಗ್ಲವರೆಗೂ ಹೋಗಿದ್ದ. ಕೈ ಎತ್ತಿದ್ದ. ಒಂದು ಮಾತು. ಬಾರಯ್ಯ ಅನ್ನೋಕೆ ಏನು ದಾಡಿ ಆಗಿತ್ತು ಅವನಿಗೆ? ಅಂಗಿಗೆ ಇಸ್ತ್ರಿ ಹಾಕ್ತಾನಂತೆ ಈಗ."

"ಹೌದಲ್ವಾ," ಎಂದಳು ಅಮ್ಮ, ಸೀರೆಯ ಅಂಚಿನಲ್ಲಿ ಏನೋ ನೂಲು ಹುಡುಕುತ್ತ. "ಏನಾಗಿತ್ತೋ."

ಅಪ್ಪ ಓಡಾಟ ನಿಲ್ಲಿಸಿದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಚಿಕ್ಕವಳು ಒರೆಸುವ ಆ ಬೆರಳುಗಳನ್ನೇ ನೋಡುತ್ತಿದ್ದಳು.

"ಕರಿ ಅವನ್ನ."

"ಯಾರನ್ನಪ್ಪ?" ಎಂದಳು ಅಕ್ಕ.

"ಆ ತಲೆನೋವನ್ನ."

"ಈಗ್ಲಾ?"

"ಮತ್ತೆ? ಎರಡು ವರ್ಷಗಳ ನಂತರಾನಾ?"

ಹುಡುಗ ಎಷ್ಟು ಬೇಗ ಬಂದನೆಂದರೆ, ಅವನು ಕೋಣೆಯಲ್ಲಿ ಕೂತು ಡ್ರಾಮಾ ನೋಡಿದ್ದು ಸುಳ್ಳು, ಬೀದಿಯ ತಿರುವಿನಲ್ಲೇ ಮೊಬೈಲು ಹಿಡಿದು ನಿಂತಿದ್ದ ಎಂದು ಚಿಕ್ಕವಳಿಗೆ ಗುಮಾನಿ ಬಂತು. ಮೇಲೆ ಹತ್ತಲು ಹೊರಟವನನ್ನು ಅಪ್ಪ ತಡೆದು, ಅಂಗಡಿಯ ಶಟರು ಎತ್ತಿ, ಲೈಟು ಹಾಕಿ, ಪರೀಕ್ಷೆಯ ಕುರ್ಚಿ ತೋರಿಸಿದರು. ಅಕ್ಕ ಮೆಟ್ಟಿಲ ಮೇಲೆ ಕೂತಳು. ಅವಳ ಹಿಂದೆ ಚಿಕ್ಕವಳು, ಅವಳ ಹಿಂದೆ ಅಮ್ಮ.

ಅಪ್ಪ ಅವನ ಕನ್ನಡಕ ತೆಗೆಸಿ, ಯಾವ ಅಂಗಡಿಯದು ಎಂದು ಕೂಡ ತಿರುಗಿಸಿ ನೋಡದೆ, ಪಕ್ಕಕ್ಕಿಟ್ಟರು. ಪರೀಕ್ಷೆಗೆಂದೇ ಇರುವ ಆ ಭಾರದ ದುಂಡು ಫ್ರೇಮನ್ನು ಅವನ ಮೂಗಿನ ಮೇಲೆ ಕೂಡಿಸಿ, ಒಂದು ಕಣ್ಣಿಗೆ ಕಪ್ಪು ಬಿಲ್ಲೆ ಮುಚ್ಚಿ, ಇನ್ನೊಂದಕ್ಕೆ ಗಾಜು ಹಾಕಿದರು.

"ಓದು. ಹೆಂಗಿದೆ?"

"ಚೆನ್ನಾಗಿದೆ ಸರ್."

ಗಾಜು ಬದಲಾಯಿತು. "ಈಗ?"

"ಇದೂ ಚೆನ್ನಾಗಿದೆ ಸರ್."

ಅಪ್ಪನ ಕೈ ನಿಂತಿತು. "ಎರಡೂ ಹೆಂಗಯ್ಯ ಚೆನ್ನಾಗಿರತ್ತೆ? ಹೋದ್ಸಲಾನೂ ಹಿಂಗೇ ಅಂದೆ. ಹಾಕಿದ್ದಕ್ಕೆಲ್ಲ ಚೆನ್ನಾಗಿದೆ, ಚೆನ್ನಾಗಿದೆ. ನಾನೇನು ಮಾಡ್ಲಿ, ನಿನ್ನ ಕಣ್ಣೊಳಗೆ ಇಳಿದು ನೋಡ್ಲಾ?" ದನಿ ತಗ್ಗಿತು. "ಮಸುಕಾದ್ರೆ ಮಸುಕು ಅನ್ನು. ಬೇರೆಯವರ ಹತ್ರ ಹೋಗಿ ಅನ್ಬೇಡ. ನನಗನ್ನು."

ಹುಡುಗ ಗೋಡೆಯ ಅಕ್ಷರಗಳನ್ನು ಇನ್ನೊಮ್ಮೆ ನೋಡಿದ. ಮೆಟ್ಟಿಲ ಮೇಲೆ ಮೂವರೂ ಮುಂದಕ್ಕೆ ಬಗ್ಗಿದರು.

"ಮಸುಕಾಗಿದೆ," ಎಂದ.

ಅಪ್ಪ ಗಾಜು ತೆಗೆದರು. ಕಣ್ಣು ಮುಚ್ಚಿದ್ದ ಬಿಲ್ಲೆಯನ್ನೂ ತೆಗೆದರು. ತಿರುಗಿ, ಗಾಜುಗಳ ಪೆಟ್ಟಿಗೆ ಪೂರ್ತಿ ತೆರೆದು ಮೊದಲನೆಯ ಸಾಲಿನಿಂದ ಹುಡುಕತೊಡಗಿದರು. ಹುಡುಗ ಖಾಲಿ ಫ್ರೇಮು ಹಾಕಿಕೊಂಡು ಕೂತಿದ್ದ. ಆ ಎರಡು ದುಂಡು ತೂತುಗಳೊಳಗಿನಿಂದ ಮೆಲ್ಲಗೆ ಮೆಟ್ಟಿಲ ಕಡೆ ತಿರುಗಿದ. ಅಷ್ಟು ದೂರಕ್ಕೆ ಅವನಿಗೆ ಅಕ್ಕ ಯಾರು, ಅಮ್ಮ ಯಾರು ಎಂದು ಕಂಡಿರಲಾರದು. ಮೂವರಿಗೂ ಸೇರಿಸಿ ನಕ್ಕ.

"ಅಲ್ಲಲ್ಲ," ಎಂದರು ಅಪ್ಪ, ಬೆನ್ನು ತಿರುಗಿಸಿಕೊಂಡೇ. "ಗೋಡೆ ನೋಡು."

ಪೆಟ್ಟಿಗೆಯೊಳಗೆ ಅವರ ಬೆರಳು ಒಂದೊಂದೇ ಗಾಜನ್ನು ಎತ್ತಿ, ಬೆಳಕಿಗೆ ಹಿಡಿದು, ಮತ್ತೆ ಇಡುತ್ತಿತ್ತು.